ಮೂರನೆಯ ಗೂಡು

"ಗುರುಗಳೇ, ಹಳೆಯ ಕಡತವನ್ನು ಇನ್ನು ಅಳಿಸಿಬಿಡಲೇ?"

ಹೀಗೆ ಕೇಳಿದವನು ಮರುಳಸಿದ್ಧ. ಮಠದ ಭಕ್ತರ ಮನೆಗಳ ದಾಖಲೆಯನ್ನು ಕಂಪ್ಯೂಟರಿನ ಹಳೆಯ ಕಡತದಿಂದ ಹೊಸ ತಂತ್ರಾಂಶಕ್ಕೆ ಸಾಗಿಸುವ ಕೆಲಸ ಅವನದು. ಗುರುಗಳು ಹರೆಯದಲ್ಲಿ ಮನೆಮನೆ ತಿರುಗಿ ಬರೆದುಕೊಂಡು ಬಂದ ದಾಖಲೆ ಅದು. ಮನೆಗೊಂದು ಸಾಲು, ಸಾಲಿನ ಕೊನೆಯ ಕಾಲಂನಲ್ಲಿ ಆ ಮನೆಯ ಮಕ್ಕಳ ಪಟ್ಟಿ, ಹುಟ್ಟಿದ ಕ್ರಮದಲ್ಲಿ. ಹೊಸ ತಂತ್ರಾಂಶ ಕಾಲಂನೊಳಗೆ ಪಟ್ಟಿಯನ್ನು ಒಪ್ಪುವುದಿಲ್ಲ, ಬರಿಯ ಪಠ್ಯ ಕೇಳುತ್ತದೆ. ಅದಕ್ಕೆ ಮರುಳಸಿದ್ಧ ಹೆಸರುಗಳ ನಡುವೆ ಅಲ್ಪವಿರಾಮ ಹಾಕಿ ಎಲ್ಲವನ್ನೂ ಒಂದಾಗಿ ಜೋಡಿಸಿದ್ದ.

"ಕೆಲವು ಪಟ್ಟಿಗಳ ನಡುವೆ ಖಾಲಿ ಜಾಗಗಳಿದ್ದವು. ಜೋಡಿಸುವಾಗ ಅವು ತಾವಾಗಿಯೇ ಬಿಟ್ಟುಹೋದವು. ಹೆಸರು ಒಂದೂ ತಪ್ಪಿಲ್ಲ, ನೋಡಲಿಕ್ಕೂ ಚೆಂದವಾಗಿದೆ," ಎಂದ.

ಗುರುಗಳು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಲಿಪಿಕಾರನಿದ್ದ. ಅಕ್ಷರ ಮುತ್ತಿನಂಥದು, ಅದರ ಜಂಬವೂ ಅಷ್ಟೇ ಇತ್ತು. ಆ ಊರಿನಲ್ಲಿ ಮನೆಮನೆಯ ಬಾಗಿಲ ಪಕ್ಕ ಒಂದು ಮರದ ಹಲಗೆ ಇರುತ್ತಿತ್ತು. ಮಗು ಹುಟ್ಟಿದಾಗ ಹಲಗೆಯಲ್ಲಿ ಒಂದು ಗೂಡು ಕೊರೆಯುವರು. ನಾಮಕರಣದ ದಿನ ಹೆಸರು ಕೆತ್ತಿದ ಬಿಲ್ಲೆಯನ್ನು ಅದರಲ್ಲಿ ಕೂರಿಸುವರು. ಹೆಸರಿಡುವ ಮೊದಲೇ ಮಗು ತೀರಿಕೊಂಡರೆ ಆ ಗೂಡು ಖಾಲಿಯೇ ಉಳಿಯುವುದು. ಅದನ್ನು ಯಾರೂ ಮುಚ್ಚುತ್ತಿರಲಿಲ್ಲ.

ಒಬ್ಬ ನೇಕಾರನ ಹೆಂಡತಿಯ ಹಲಗೆಯಲ್ಲಿ ಐದು ಗೂಡು, ನಾಲ್ಕು ಬಿಲ್ಲೆ. ಬೆಳಿಗ್ಗೆ ಹೊಸಿಲು ತೊಳೆದ ಮೇಲೆ ಅವಳು ಗೂಡುಗಳ ಮೇಲೆ ಬೆರಳಾಡಿಸುತ್ತ ಒಂದೊಂದೇ ಹೆಸರು ಹೇಳುವಳು. ಮೂರನೆಯದಕ್ಕೆ ಬಂದಾಗ ಹೆಸರಿಲ್ಲ. ಬೆರಳನ್ನು ಅಲ್ಲಿ ಒಂದು ಗಳಿಗೆ ಇಟ್ಟು ಮುಂದೆ ಹೋಗುವಳು. ಆ ಕೂಸಿಗೆ ಈ ಲೋಕದಲ್ಲಿ ಇದ್ದದ್ದು ಅಷ್ಟೇ ಜಾಗ.

ಅರಸನ ಅಪ್ಪಣೆ ಬಂತು: ಎಲ್ಲ ಹಲಗೆಗಳನ್ನೂ ಓಲೆಗೆ ಇಳಿಸಬೇಕು, ಮನೆಗೊಂದು ಸಾಲು. ಲಿಪಿಕಾರ ನೇಕಾರನ ಮನೆಗೂ ಬಂದ. ಎರಡು ಹೆಸರು ಬರೆದ. ಮೂರನೆಯ ಗೂಡಿನ ಮುಂದೆ ಓಲೆ ಕೊರೆಯುವ ಅವನ ಕಬ್ಬಿಣದ ಕಂಠ ನಿಂತಿತು. ಇಲ್ಲದ್ದನ್ನು ಬರೆಯುವುದು ಹೇಗೆ? ಜಾಗ ಬಿಟ್ಟರೆ ಅಧಿಕಾರಿಗಳು ಮರೆತಿದ್ದಾನೆ ಎಂದು ನಗುತ್ತಾರೆ. ಅವನು ನಾಲ್ಕನೆಯ ಗೂಡಿನ ಹೆಸರನ್ನು ಎರಡನೆಯದರ ಪಕ್ಕಕ್ಕೇ ತಂದು ಬರೆದ. ಸಾಲು ಅಂದವಾಗಿ ಕೂತಿತು.

ವರ್ಷಗಳು ಕಳೆದವು. ನೇಕಾರ ತೀರಿಕೊಂಡ, ಹಲಗೆಗೆ ಗೆದ್ದಲು ಹತ್ತಿ ಗೂಡುಗಳ ಗುರುತೇ ಉಳಿಯಲಿಲ್ಲ. ಮಕ್ಕಳು ತಾಯಿಯ ಮೇಲಿನ ಅಕ್ಕರೆಯಿಂದಲೇ ಲಿಪಿಕಾರನನ್ನು ಕರೆಸಿ, ಓಲೆ ಓದಿಸಿ, ಹೊಸ ಹಲಗೆ ಮಾಡಿಸಿದರು. ಬಡಗಿ ನಾಲ್ಕು ಗೂಡು ಕೊರೆದ. ಮರುದಿನ ಮುದುಕಿ ಬೆರಳಾಡಿಸಿದಳು. ಎರಡು ಹೆಸರು ಹೇಳಿದಳು. ನಿಲ್ಲಬೇಕಾದ ಕಡೆ ಬೆರಳಿಗೆ ಬಿಲ್ಲೆ ತಾಗಿತು.

"ನನ್ನ ಮೂರನೆಯದು ಎಲ್ಲಪ್ಪಾ?" ಎಂದು ಲಿಪಿಕಾರನನ್ನು ಕರೆಸಿ ಕೇಳಿದಳು.

ಅವನಿಗೆ ಎಲ್ಲ ನೆನಪಿತ್ತು. ಆದರೆ ಸುತ್ತ ನಾಲ್ಕು ಜನ ನಿಂತಿದ್ದರು. "ಓಲೆಯಲ್ಲಿ ಒಂದಕ್ಷರವೂ ತಪ್ಪಿಲ್ಲ, ಅವ್ವಾ," ಎಂದುಬಿಟ್ಟ.

ಅಂದಿನಿಂದ ಮನೆಯವರು ಮುದುಕಿಗೆ ಅರಳುಮರಳು ಎಂದರು. ಅವಳು ಕೇಳಿದಾಗಲೆಲ್ಲ ಓಲೆಯ ಮಾತು ಹೇಳಿ ಸಮಾಧಾನ ಮಾಡಿದರು. ಬರವಣಿಗೆಯ ಮುಂದೆ ಅವಳ ಮಾತು ಎಷ್ಟು ದಿನ ನಿಂತೀತು? ಕೇಳುವುದನ್ನು ಬಿಟ್ಟಳು.

ಲಿಪಿಕಾರನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಎರಡು ವರ್ಷ ತಡೆದು, ಕೊನೆಗೆ ನಾಚಿಕೆ ಬಿಟ್ಟು ಅವಳ ಹೊಸಿಲ ಬಳಿ ಬಂದು ಕೂತ. "ಅವ್ವಾ, ಆ ಗೂಡು ಇತ್ತು. ನಾನೇ ಕಣ್ಣಾರೆ ಕಂಡಿದ್ದೆ. ನಾನೇ ಬಿಟ್ಟೆ," ಎಂದು ಅತ್ತ.

ಮುದುಕಿ ಅವನ ತಲೆ ಸವರಿದಳು. "ಯಾಕಪ್ಪಾ ಅಳುತ್ತೀ? ನನಗೆ ನಾಲ್ಕೇ ಮಕ್ಕಳು. ನೀನೇ ಬರೆದಿದ್ದೀಯಲ್ಲ."

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ ತಗ್ಗಿದ ದನಿಯಲ್ಲಿ, "ಹಾಗಾದರೆ ಖಾಲಿ ಜಾಗಕ್ಕೂ ಒಂದು ಗುರುತು ಹಾಕಿ ಮತ್ತೆ ಜೋಡಿಸುತ್ತೇನೆ," ಎಂದ. ಅವನಿಗೆ ತಾನು ಪಾಠ ಕಲಿತೆ ಎನ್ನಿಸಿತ್ತು.

"ಜೋಡಿಸು. ನಿಮ್ಮ ಮನೆಯ ಪಟ್ಟಿಯಲ್ಲೂ ನಿನ್ನ ಹೆಸರಿಗಿಂತ ಮೊದಲು ಒಂದು ಖಾಲಿ ಜಾಗ ಇದೆ. ಹಳೆಯ ಕಡತ ಅಳಿಸಲೇ ಎಂದು ಹೋಗಿ ನಿನ್ನ ತಾಯಿಯನ್ನು ಕೇಳು," ಎಂದರು ಗುರುಗಳು.