ಲಕ್ಕಿ ಪೊದೆಯ ಕಾವಲು

ಒಂದು ಕಾಡಿನಲ್ಲಿ, ಕಲ್ಲುಹಳ್ಳದ ದಡದ ಮೇಲೆ, ದಟ್ಟವಾದ ಲಕ್ಕಿ ಪೊದೆಯಿತ್ತು. ಕೈಬೆರಳಿನ ಹಾಗೆ ಐದಾಗಿ ಸೀಳಿದ ಎಲೆ. ಮೇಲೆ ಹಸಿರು, ಅಡಿಯಲ್ಲಿ ಬೂದಿ ಬಣ್ಣ. ಸ್ವಲ್ಪ ಸವರಿದರೂ ಮೂಗಿಗೆ ಅಡರುವ ಘಾಟು. ಆಡು ಕೂಡ ಬಾಯಿ ಹಾಕುತ್ತಿರಲಿಲ್ಲ. ಅದರ ಅಡಿಯಲ್ಲಿ ಮೊಲಗಳು ಬಾಳುತ್ತಿದ್ದವು. ಲಕ್ಕಿಯ ಘಾಟಿನಲ್ಲಿ ಮೊಲದ ವಾಸನೆ ಅಡಗಿಹೋಗುತ್ತಿತ್ತು. ಬೇರೆ ಕೋಟೆ ಅವಕ್ಕಿರಲಿಲ್ಲ.

ಪೊದೆಯ ಬಾಯಲ್ಲಿ ತಿಪ್ಪಜ್ಜನೆಂಬ ಮುದಿ ಮೊಲ ಕೂರುತ್ತಿದ್ದ. ಅವನ ಕಣ್ಣು ಹೋಗಿ ಬಹಳ ದಿನವಾಗಿತ್ತು. ರಾತ್ರಿ ಮೇದು ಬಂದವರೆಲ್ಲ ಬೆಳಗ್ಗೆ ಅವನ ಮುಂದೆ ನಿಲ್ಲಬೇಕು, ಅವನು ಮೂಸಬೇಕು. ಲಕ್ಕಿ ವಾಸನೆ ಬಂದರೆ "ನಮ್ಮವ, ಹೋಗು" ಎನ್ನುತ್ತಿದ್ದ.

ಒಂದು ನರಿ ಇದನ್ನು ಮರೆಯಿಂದ ನೋಡಿತು. ಲಕ್ಕಿ ಸೊಪ್ಪನ್ನು ತುಳಿದು ಜಜ್ಜಿ, ಅದರಲ್ಲಿ ಹೊರಳಾಡಿತು. ಮೂತಿಗೂ ಬಳಿದುಕೊಂಡಿತು. ಬೆಳಗ್ಗೆ ಮೊಲಗಳೆಲ್ಲ ನಿದ್ದೆಗೆ ಜಾರಿದ ಮೇಲೆ ಮೆಲ್ಲಗೆ ಬಂದು ನಿಂತು, "ಅಜ್ಜಾ" ಎಂದಿತು.

"ಯಾರು? ದನಿ ಹೊಸದು" ಎಂದ ತಿಪ್ಪಜ್ಜ.

"ಮೇಲಿನ ಹಳ್ಳದ ಪೊದೆಯವ, ಅಜ್ಜಾ. ಅಲ್ಲಿ ನೀರು ಬತ್ತಿತು."

ಅಜ್ಜ ಮೂಸಿದ. "ಲಕ್ಕಿ. ನಮ್ಮವ, ಹೋಗು."

"ಈ ಕಾಡಲ್ಲಿ ಇಂಥ ಮೂಗು ಇನ್ನೊಂದಿಲ್ಲ ಬಿಡು, ಅಜ್ಜಾ" ಎಂದಿತು ನರಿ. ಅಜ್ಜ ಹಿಗ್ಗಿದ.

ಅಂದು ಅವನ ಮಗಳು ಬೆಳ್ಳಿಯ ಒಂದು ಮರಿ ಕಾಣೆಯಾಯಿತು. ಮರುದಿನ ಇನ್ನೊಂದು. ಹದ್ದು ಒಯ್ದಿರಬೇಕು ಎಂದರು. ಉಳಿದದ್ದು ಒಂದೇ ಮರಿ.

"ಅಪ್ಪಾ, ಯಾರನ್ನು ಒಳಗೆ ಬಿಡ್ತಿದ್ದೀಯ?" ಎಂದು ಬೆಳ್ಳಿ ಕೇಳಿದಳು.

"ನಮ್ಮವರನ್ನೇ. ಕಣ್ಣು ಹೋಗಿದೆ, ಮೂಗು ಹೋಗಿಲ್ಲ."

ಮೂರನೆಯ ಬೆಳಗ್ಗೆ ಗಾಳಿ ತಿರುಗಿತು. ಪೊದೆಯ ಪಕ್ಕದ ಬಂಡೆಯ ಹಿಂದಿನಿಂದ ಚಿರತೆಯ ವಾಸನೆ ಬಂತು. ಮೊಲಗಳು ಉಸಿರು ಬಿಗಿಹಿಡಿದು ನೆಲಕ್ಕೆ ಅಂಟಿಕೊಂಡವು. ಬೆಳ್ಳಿ ಮರಿಯ ಮೇಲೆ ಕವುಚಿ ಮಲಗಿದಳು. ಅಜ್ಜನೂ ಅಲುಗಲಿಲ್ಲ. ಆಗ ಯಾರೋ ಆರಾಮವಾಗಿ ನಡೆದುಬಂದರು.

"ಬಂದೆ, ಅಜ್ಜಾ. ಮೂಸಿ ಬಿಡು" ಎಂದಿತು ಮೇಲಿನ ಹಳ್ಳದವನ ದನಿ.

ಅಜ್ಜ ಕಿವಿ ನಿಮಿರಿಸಿದ. ಇಂಥ ವಾಸನೆ ಬಡಿಯುತ್ತಿರುವಾಗ ಯಾವ ಮೊಲ ಹೀಗೆ ಮಾತಾಡೀತು?

"ನಿನಗೆ ಏನೂ ವಾಸನೆ ಬರ್ತಿಲ್ಲವೇನಪ್ಪ?"

"ಲಕ್ಕಿ ವಾಸನೆ. ನಮ್ಮ ಮನೆಯದೇ ಅಲ್ಲವೇ!"

ಮೂರು ದಿನ ಮೂತಿಗೆ ಬಳಿದುಕೊಂಡ ಲಕ್ಕಿ, ನರಿಯ ಮೂಗನ್ನು ಕಟ್ಟಿಹಾಕಿತ್ತು. ಎರಡು ಮರಿಗಳನ್ನು ತಿಂದವರು ಯಾರು, ಒಳಗೆ ಕಳಿಸಿದವರು ಯಾರು, ಅಜ್ಜನಿಗೆ ಒಟ್ಟಿಗೇ ತಿಳಿಯಿತು.

"ನಿಲ್ಲು. ಇನ್ನೂ ಮೂಸಬೇಕು" ಎಂದ.

ನರಿ ನಿಂತಿತು. ಚಿರತೆ ನೆಗೆಯಿತು. ಒಂದೇ ಕೂಗು. ಚಿರತೆ ನರಿಯನ್ನು ಕಚ್ಚಿ ಎಳೆದುಕೊಂಡು ಹಳ್ಳಕ್ಕೆ ಇಳಿಯಿತು.

"ಪೀಡೆ ತೊಲಗಿತು! ಅಜ್ಜ ಗೆದ್ದ!" ಎಂದು ಮೊಲಗಳು ಕುಣಿದವು. ಬೆಳ್ಳಿ ಕುಣಿಯಲಿಲ್ಲ. ಉಳಿದ ಮರಿಯನ್ನು ಅಪ್ಪನಿಂದ ದೂರ ಕರೆದೊಯ್ದಳು.

ಮರುದಿನ ಬೆಳಗ್ಗೆ ಒಬ್ಬ ಬಂದು ಅಭ್ಯಾಸದಂತೆ ಕತ್ತು ಚಾಚಿ ನಿಂತ. "ಮೂಸು ಅಜ್ಜಾ, ನಾನು ನಮ್ಮವನೇ."

ತಿಪ್ಪಜ್ಜ ಮುಖ ತಿರುಗಿಸಿದ. "ಕಣ್ಣಿರುವವರನ್ನು ಯಾರನ್ನಾದರೂ ಇಲ್ಲಿ ಕೂರಿಸಿ" ಎಂದವನು, ತಡವರಿಸುತ್ತ ಪೊದೆಯ ಒಳಕ್ಕೆ ಹೋದ.

ನೀತಿ: ಕಪಟಿಯ ವೇಷ ಕೊನೆಗೆ ಅವನನ್ನೇ ಕುರುಡು ಮಾಡುತ್ತದೆ, ಆದರೆ ಅವನು ಸತ್ತ ಮಾತ್ರಕ್ಕೆ, ಅವನನ್ನು ನಂಬಿ ಕಳೆದುಕೊಂಡದ್ದು ಮರಳಿ ಬರುವುದಿಲ್ಲ.