ಮಣಿಕಟ್ಟು ಹಿಡಿಯುವವನು

“ಗುರುಗಳೇ, ನೋವಾಗದಂತೆ ಕೆಡವಿದರೆ ಎದುರಾಳಿ ನಾಳೆ ಮತ್ತೆ ಮೈಮೇಲೆ ಬರುವುದಿಲ್ಲವೇ?” ಎಂದು ತಿಪ್ಪೇಶ ಕೇಳಿದ.

ಕೇಳುವುದಕ್ಕೆ ಕಾರಣವಿತ್ತು. ಐಕಿಡೊ ಎಂಬ ಜಪಾನಿ ಮಲ್ಲವಿದ್ಯೆಯ ಬೆಳಗಿನ ಅಭ್ಯಾಸದಲ್ಲಿ ಅವನು ಜೊತೆಗಾರನ ಮಣಿಕಟ್ಟನ್ನು ಜೋರಾಗಿ ತಿರುಚಿದ್ದ. ಜೊತೆಗಾರ ಕೈಗೆ ಬಟ್ಟೆ ಸುತ್ತಿಕೊಂಡು ಮನೆಗೆ ಹೋಗಿದ್ದ. ತಪ್ಪು ತನ್ನದಲ್ಲ ಎಂದು ಗುರುಗಳ ಬಾಯಿಂದ ಕೇಳಿದರೆ ತಿಪ್ಪೇಶನಿಗೆ ಸಮಾಧಾನವಾಗುತ್ತಿತ್ತು.

ಗುರುಗಳು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಅವರು ಕತೆ ಹೇಳಿದರು.

ಜಪಾನಿನ ಒಂದು ಊರಿನಲ್ಲಿ ಈ ವಿದ್ಯೆಯ ಗರಡಿಯೊಂದಿತ್ತು. ನುಗ್ಗಿ ಬಂದು ಮಣಿಕಟ್ಟು ಹಿಡಿದವನನ್ನು ಅವನ ವೇಗದಲ್ಲೇ ತಿರುಗಿಸಿ ನೆಲಕ್ಕೆ ಮಲಗಿಸಬೇಕು. ಅವನ ತಲೆ ನೆಲಕ್ಕೆ ಬಡಿಯದಂತೆ ಕೊನೆಯವರೆಗೂ ತೋಳು ಹಿಡಿದಿರಬೇಕು. ಅದು ಅಲ್ಲಿಯ ಪದ್ಧತಿ. ಹಿರಿಯ ಶಿಷ್ಯ ಮಲಗಿಸುವುದನ್ನು ಚೆನ್ನಾಗಿ ಕಲಿತ. ಹಿಡಿದಿರುವಷ್ಟು ತಾಳ್ಮೆ ಅವನಿಗಿರಲಿಲ್ಲ. ಅವನ ಕೈಗೆ ಸಿಕ್ಕವರು ಮೊಣಕೈ ನೋವು, ಬೆನ್ನು ನೋವು ಎಂದು ಒಬ್ಬೊಬ್ಬರಾಗಿ ಗರಡಿ ಬಿಟ್ಟರು. ಕೊನೆಗೆ ಜೊತೆಗೆ ಕಲಿಯುತ್ತಿದ್ದ ಒಬ್ಬ ಕಮ್ಮಾರನ ಹೆಗಲಿನ ಕೀಲು ತಪ್ಪಿತು. ಇನ್ನು ತನ್ನೆದುರು ನಿಲ್ಲುವವರೇ ಇಲ್ಲ ಎಂದು ಶಿಷ್ಯ ಹಿಗ್ಗಿದ. ಅದು ನಿಜವೇ ಆಗಿತ್ತು.

ಮುದುಕನಾಗಿದ್ದ ಆಚಾರ್ಯ ಅವನನ್ನು ಕರೆದು, “ಗರಡಿ ಇನ್ನು ನಿನ್ನದು. ಅದಕ್ಕೆ ಮೊದಲು ಒಂದು ಪಟ್ಟು ತೋರಿಸು” ಎಂದ.

ಶಿಷ್ಯ ನಡುಪಟ್ಟಿ ಬಿಗಿದು ಚಾಪೆಯ ಮೇಲೆ ನಿಂತ. ಮಣಿಕಟ್ಟನ್ನು ಮುಂದಕ್ಕೆ ಚಾಚಿದ. ಹಿಡಿಯುವವರು ಯಾರೂ ಇರಲಿಲ್ಲ. ಹಿಡಿಯುವವನಿಲ್ಲದೆ ಆ ವಿದ್ಯೆಯಲ್ಲಿ ಒಂದು ಪಟ್ಟೂ ಇಲ್ಲ. ಚಾಚಿದ ಕೈ ಹಾಗೇ ಉಳಿಯಿತು. ಗುರುವಿನಿಂದ ಬಂದ ವಿದ್ಯೆ ತನ್ನ ಕೈಯಲ್ಲೇ ಮುಗಿದುಹೋಗುತ್ತದೆ ಎಂದು ಅವನಿಗೆ ಆಗ ಹೊಳೆಯಿತು.

ಅವನು ನೆಟ್ಟಗೆ ಕಮ್ಮಾರನ ಮನೆಗೆ ಹೋಗಿ ತಲೆಬಾಗಿದ.

“ಇನ್ನೊಂದು ಹೆಗಲು ಉಳಿದಿದೆ. ಅದೂ ಬೇಕಾಯಿತೇನಪ್ಪ?” ಎಂದ ಕಮ್ಮಾರ.

“ಇಲ್ಲ ಅಣ್ಣಾ. ಇನ್ನು ಬೀಳುವವನು ನಾನು” ಎಂದ ಶಿಷ್ಯ.

ಹೆಗಲು ಕೂಡಿದ ಮೇಲೆ ಕಮ್ಮಾರ ಬಂದ. ಚಳಿಗಾಲ ಪೂರ್ತಿ ಶಿಷ್ಯನನ್ನು ಎತ್ತಿ ಎತ್ತಿ ಹಾಕಿದ. ಮನಸ್ಸಿನಲ್ಲಿದ್ದ ಸಿಟ್ಟನ್ನೂ ಸ್ವಲ್ಪ ತೀರಿಸಿಕೊಂಡ ಎನ್ನಿ. ಬಿದ್ದು ಬಿದ್ದು ಶಿಷ್ಯನಿಗೆ ಎಲುಬು ಎಲ್ಲಿ ನೋಯುತ್ತದೆ ಎಂದು ಗೊತ್ತಾಯಿತು. ಒಂದು ದಿನ ಕಮ್ಮಾರ ತಾನಾಗಿಯೇ ಮುಂದೆ ಬಂದು ಅವನ ಮಣಿಕಟ್ಟು ಹಿಡಿದ. ಶಿಷ್ಯ ತಿರುಗಿದ. ನಿದ್ದೆಹೋದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಅವನನ್ನು ನೆಲಕ್ಕೆ ಇಳಿಸಿದ. ಕಮ್ಮಾರ ಎದ್ದು ಬಟ್ಟೆ ಕೊಡವಿಕೊಂಡು ಮತ್ತೆ ಮಣಿಕಟ್ಟು ಹಿಡಿದ. ಆಚಾರ್ಯ ಗರಡಿಯನ್ನು ಶಿಷ್ಯನಿಗೆ ಒಪ್ಪಿಸಿದ್ದು ಅಂದೇ.

ಗುರುಗಳ ಕತೆ ಮುಗಿಯಿತು. ತಿಪ್ಪೇಶ ಅಷ್ಟಕ್ಕೇ ಬಿಡಲಿಲ್ಲ. “ನನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ ಗುರುಗಳೇ. ನೋವಾಗದಿದ್ದರೆ ಎದುರಾಳಿ ಮತ್ತೆ ಬಂದೇ ಬರುತ್ತಾನೆ.”

ಗುರುಗಳು ಗೋಡೆಯ ಬದಿಯಲ್ಲಿ ಖಾಲಿಯಿದ್ದ ಜೊತೆಗಾರನ ಜಾಗವನ್ನು ನೋಡಿದರು.

“ಬರಬೇಕು, ಅವನು ಬಾರದಿದ್ದರೆ ನಾಳೆ ನಿನ್ನ ಮಣಿಕಟ್ಟು ಹಿಡಿಯುವವರು ಯಾರು?”