ಗುಡ್ಡಪ್ಪನ ಟೆಂಪೋ ಮತ್ತು ರೇಸಿನ ಫಿಲ್ಟರು

ಒಂದು ಕಾಡಿನಲ್ಲಿ ಮಳೆಗಿಂತ ಧೂಳೇ ಜಾಸ್ತಿ. ಅಲ್ಲಿ ಗುಡ್ಡಪ್ಪ ಅಂತ ಒಬ್ಬ ಕರಡಿ ಇದ್ದ. ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಅಕ್ಕಪಕ್ಕದಲ್ಲಿ ಇನ್ನೊಂದು ಗುಹೆಯೂ ಇಲ್ಲ. ಇದ್ದದ್ದು ಒಂದು ಹಳೇ ಟೆಂಪೋ. ಅದರಲ್ಲಿ ಉಪ್ಪುಮಣ್ಣು ತುಂಬಿಕೊಂಡು ಹೋಗಿ ಜಿಂಕೆ, ಕಡವೆ, ಮೊಲಗಳಿಗೆ ನೆಕ್ಕಲು ಹಂಚುವುದು ಅವನ ಕೆಲಸ.

ಉಪ್ಪಿಗೆ ಬದಲಾಗಿ ಅವನು ಕೇಳುತ್ತಿದ್ದದ್ದು ಒಂದೇ. "ಏನಾದ್ರೂ ಒಂದು ಸುದ್ದಿ ಹೇಳಿ." ಅಷ್ಟೇ ಕಣ್ರಪ್ಪ! "ನಮ್ಮ ಮರಿಗೆ ಕೊಂಬು ಮೂಡ್ತು ಗುಡ್ಡಪ್ಪಣ್ಣ" ಅಂತ ಜಿಂಕೆ ಹೇಳಿದರೆ ಸಾಕು, ಅದನ್ನೇ ಗುಹೆಗೆ ಹೋಗಿ ಗೋಡೆಗೆ ಹೇಳುತ್ತಿದ್ದ. ನಗಬೇಡಿ. ಮಾತಾಡೋಕೆ ಯಾರೂ ಇಲ್ಲದವರು ಹೀಗೇ ಮಾಡೋದು.

ಒಂದು ಮಧ್ಯಾಹ್ನ ಸೊಗಸಯ್ಯ ಅನ್ನೋ ನರಿ ಚೀಲ ಹೊತ್ತುಕೊಂಡು ಅವನ ಗುಹೆಗೆ ಬಂದ. ಗಾಡಿಗಳ ಬಿಡಿಭಾಗ ಮಾರುವುದು ಅವನ ಕಸುಬು.

"ಅಣ್ಣಾ, ಊಟ ಆಯ್ತಾ?" ಅಂದ ನರಿ.

ಊಟ ಆಯ್ತಾ ಅಂತ ಗುಡ್ಡಪ್ಪನನ್ನು ಯಾರಾದರೂ ಕೇಳಿ ವರ್ಷಗಳೇ ಆಗಿದ್ದವು. ಅವನ ಕಣ್ಣಲ್ಲಿ ನೀರು ಬಂತು. ನರಿ ಅದನ್ನು ಗಮನಿಸಿದ. ಪೂರಾ ಒಂದು ಗಂಟೆ ಪಕ್ಕದಲ್ಲೇ ಕೂತು ಹರಟಿದ. ಆಮೇಲೆ ಮೆಲ್ಲಗೆ ಎದ್ದು ಟೆಂಪೋದ ಬಾನೆಟ್ ಎತ್ತಿದ.

"ಅಯ್ಯೋ ಪಾಪ! ನಿನ್ನ ಗಾಡಿಗೆ ಉಸಿರೇ ಆಡ್ತಿಲ್ಲವಲ್ಲ ಅಣ್ಣಾ! ಗಾಳಿ ಸೋಸೋ ಈ ಕಾಗದದ ಏರ್ ಫಿಲ್ಟರು ಮೂಗಿಗೆ ಬಟ್ಟೆ ತುರುಕಿದ ಹಾಗೆ. ಇದು ನೋಡು, ರೇಸ್ ಗಾಡಿಗೆ ಹಾಕೋದು. ಗಾಳಿ ಸುಯ್ ಅಂತ ಒಳಗೆ ಹೋಗುತ್ತೆ. ಗಾಡಿ ಹಾರುತ್ತೆ!"

"ಧೂಳು?"

"ಅದಕ್ಕೇ ಎಣ್ಣೆ ಸವರಿರೋದು. ಧೂಳೆಲ್ಲ ಅಂಟಿಕೊಳ್ಳುತ್ತೆ. ವಾರಕ್ಕೊಂದು ಸಲ ನಾನೇ ಬಂದು ತೊಳೆದು ಎಣ್ಣೆ ಹಚ್ಚಿಕೊಡ್ತೀನಿ. ಹಾಗೇ ಕೂತು ಮಾತಾಡೋಣ."

"ವಾರವಾರ ಬರ್ತೀಯಾ?" ಅಂದ ಗುಡ್ಡಪ್ಪ. ಆಮೇಲೆ ಬೇರೇನೂ ಕೇಳಲಿಲ್ಲ, ಪೆದ್ದ. ವರ್ಷವೆಲ್ಲ ಕೂಡಿಟ್ಟ ಜೇನನ್ನು ನರಿಯ ಕೈಗಿಟ್ಟ.

ಮಾರನೇ ದಿನ ಟೆಂಪೋ ಘೊಂಯ್ ಅಂತ ಗರ್ಜಿಸಿತು. ಗುಡ್ಡಪ್ಪ ಹಿರಿಹಿರಿ ಹಿಗ್ಗಿದ. ಆದರೆ ಏರು ಬಂದಾಗ ಗಾಡಿ ಯಾವತ್ತಿನ ಹಾಗೇ ಏದುಸಿರು ಬಿಡುತ್ತಾ ಹತ್ತಿತು. ಓಟ ಅಷ್ಟೇ, ಸದ್ದು ಮಾತ್ರ ಎರಡರಷ್ಟು. ಆ ಸದ್ದಿಗೆ ಜಿಂಕೆಗಳು "ಹುಲಿ! ಹುಲಿ!" ಅಂತ ಕೂಗುತ್ತಾ ಚೆಲ್ಲಾಪಿಲ್ಲಿಯಾದವು. ಗುಡ್ಡಪ್ಪ ಬಹಳ ಹೊತ್ತು ಕಾದ. ಯಾರೂ ಬರಲಿಲ್ಲ. ಉಪ್ಪನ್ನು ಬಂಡೆಯ ಮೇಲೆ ಸುರಿದು ಹೊರಟುಬಂದ. ದಿನವೂ ಹೀಗೇ ಆಯಿತು. ಅವನ ಕಿವಿಗೆ ಒಂದು ಸುದ್ದಿಯೂ ಬೀಳಲಿಲ್ಲ. ವಾರ ಕಳೆಯಿತು, ತಿಂಗಳೂ ಕಳೆಯಿತು. ನರಿಯ ಸುಳಿವೇ ಇಲ್ಲ.

ಟೆಂಪೋ ಹೊಗೆ ಉಗುಳಲು ಶುರುಮಾಡಿತು. ಗುಡ್ಡಪ್ಪ ಅದನ್ನು ಮೆಕ್ಯಾನಿಕ್ ಕುಟ್ಟಪ್ಪನ ಹತ್ತಿರ ತಂದ. ಕುಟ್ಟಪ್ಪ ಒಬ್ಬ ಮರಕುಟಿಗ. ಅವನು ಎಂಜಿನ್ ಮೇಲೆ ಟಕಟಕ ಕುಟ್ಟಿದ. ಫಿಲ್ಟರ್ ಬಿಚ್ಚಿ ಅದರ ಹಿಂದಿನ ಕೊಳವೆಯೊಳಗೆ ಕೊಕ್ಕು ಆಡಿಸಿದ. ಕೊಕ್ಕಿಗೆ ನುಣ್ಣನೆಯ ಕೆಂಪು ಧೂಳು ಮೆತ್ತಿಕೊಂಡಿತು.

"ನೋಡಿದ್ಯಾ? ಇದು ಫಿಲ್ಟರ್ ದಾಟಿ ಬಂದ ಧೂಳು. ಎಂಜಿನ್ನಿನ ಒಳಗನ್ನೆಲ್ಲ ತೇಯ್ತಾ ಇದೆ. ರೇಸ್ ಗಾಡಿ ಎಂಜಿನ್ನನ್ನ ಅವರು ಮತ್ತೆ ಮತ್ತೆ ಬಿಚ್ಚಿ ರಿಪೇರಿ ಮಾಡ್ಕೋತಾರೆ. ನಿನ್ನದು ವರ್ಷಗಟ್ಟಲೆ ಮಣ್ಣುದಾರಿಯಲ್ಲಿ ಓಡಬೇಕಲ್ಲವೇನಯ್ಯಾ? ಇದಕ್ಕೆ ಆ ಕಾಗದದ ಫಿಲ್ಟರೇ ಸರಿ. ಕೊಳೆಯಾದಾಗ ಹೊಸದು ಹಾಕಿದ್ರೆ ಮುಗೀತು. ಇವತ್ತೇ ಬದಲಾಯಿಸು."

"ಇನ್ನೊಂದು ವಾರ ಇರಲಿ ಬಿಡು," ಅಂದ ಗುಡ್ಡಪ್ಪ.

"ಯಾಕೆ?"

ಗುಡ್ಡಪ್ಪ ನೆಲ ನೋಡಿದ. ಕುಟ್ಟಪ್ಪ ಬೈದುಕೊಂಡೇ ಅದೇ ಫಿಲ್ಟರನ್ನು ವಾಪಸ್ ಕೂರಿಸಿದ.

ನಾಲ್ಕನೇ ದಿನ ನರಿ ಬಂದೇಬಿಟ್ಟ! ಆದರೆ ತೊಳೆಯಲು ಬಂದದ್ದಲ್ಲ. ಕಾಡಿನಲ್ಲಿ ಅವನ ಫಿಲ್ಟರ್ ಹಾಕಿಸಿಕೊಂಡ ಗಾಡಿಗಳೆಲ್ಲ ಒಂದೊಂದಾಗಿ ಕೆಟ್ಟು ನಿಂತಿದ್ದವು. ಹಾಗೆ ಗಾಡಿ ಕೆಟ್ಟ ಕಾಡುಹಂದಿಗಳು ಅವನನ್ನು ಹುಡುಕುತ್ತಿದ್ದವು. ಇನ್ನೂ ಮಾರದೆ ಉಳಿದ ಮೂವತ್ತು ಫಿಲ್ಟರ್ ಡಬ್ಬಗಳನ್ನು ಅವನು ಗಡಿಬಿಡಿಯಲ್ಲಿ ಟೆಂಪೋಗೆ ಏರಿಸಿದ.

"ಅಣ್ಣಾ, ಬೇಗ ಬಯಲು ದಾಟಿಸು. ಆಚೆ ಕಾಡಲ್ಲಿ ನನಗೆ ವ್ಯಾಪಾರ ಇದೆ."

ಗುಡ್ಡಪ್ಪನಿಗೆ ಖುಷಿಯೋ ಖುಷಿ. ಎರಡು ಗಂಟೆಯ ದಾರಿ, ಎರಡು ಗಂಟೆ ಮಾತು! ಆದರೆ ನರಿ ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡಿದ್ದೇ ಆಯಿತು, ತುಟಿ ಬಿಚ್ಚಲಿಲ್ಲ. ನಡುಬಯಲಿಗೆ ಬರುವಷ್ಟರಲ್ಲಿ ಟೆಂಪೋ ಕೆಮ್ಮಿತು, ಒಮ್ಮೆ ನಡುಗಿತು, ನಿಂತಿತು. ಸುತ್ತ ಮರವಿಲ್ಲ, ನೆರಳಿಲ್ಲ.

"ಥೂ! ಎಂಥ ಡಬ್ಬಾ ಗಾಡಿ ಇಟ್ಕೊಂಡಿದ್ದೀಯೋ!" ನರಿ ಚಕ್ರಕ್ಕೆ ಒದ್ದ.

"ನೀನು ಕೊಟ್ಟ ಫಿಲ್ಟರೇ ಇರೋದು."

"ಇಷ್ಟು ಧೂಳಲ್ಲಿ ಅದನ್ನ ಇನ್ನೂ ಇಟ್ಕೊಂಡಿದ್ದೀಯಾ? ಬುದ್ಧಿ ಬೇಡ್ವಾ? ಆ ಕುಟ್ಟಪ್ಪ ಹೇಳಲಿಲ್ವಾ?"

"ಹೇಳಿದ್ದ. ತೆಗೆದುಬಿಟ್ಟರೆ, ತೊಳೆಯೋ ನೆಪಕ್ಕಾದರೂ ನೀನು ಬರ್ತಿರಲಿಲ್ಲ. ಅದಕ್ಕೇ ಇಟ್ಕೊಂಡಿದ್ದೆ."

ಅಷ್ಟರಲ್ಲಿ ದೂರದಲ್ಲಿ ಧೂಳೆದ್ದಿತು. ಕಾಡುಹಂದಿಗಳು ಬರುತ್ತಿದ್ದವು. ಡಬ್ಬಗಳನ್ನು ಬಿಟ್ಟು ಓಡಲು ನರಿಗೆ ಮನಸ್ಸಿಲ್ಲ, ಹೊತ್ತು ಓಡಲು ಶಕ್ತಿಯಿಲ್ಲ. ಗುಡ್ಡಪ್ಪ ಟೆಂಪೋದಿಂದ ಇಳಿದು ಗುಹೆಯ ದಾರಿ ಹಿಡಿದ.

"ಅಣ್ಣಾ, ಒಬ್ಬನೇ ಬಿಟ್ಟು ಹೋಗಬೇಡ! ನನಗೆ ಹೆದರಿಕೆ ಆಗುತ್ತೆ!" ನರಿ ಅವನ ಕಾಲು ಹಿಡಿದ.

"ಒಬ್ಬನೇ ಇರೋಕೆ ನನಗೂ ಹೆದರಿಕೆ ಆಗ್ತಿತ್ತು," ಅಂದ ಗುಡ್ಡಪ್ಪ. "ಅದು ನಿನಗೆ ಗೊತ್ತಿತ್ತು. ಗೊತ್ತಿದ್ದೇ ಮಾರಿದೆ."

ಕಾಲು ಬಿಡಿಸಿಕೊಂಡು ಹೊರಟ. ಕಾಡುಹಂದಿಗಳು ನರಿಯನ್ನು ಹಿಡಿದು, ಹೆಗಲಿಗೆ ಹಗ್ಗ ಕಟ್ಟಿ, ಆ ಉರಿಬಿಸಿಲಲ್ಲಿ ಡಬ್ಬಗಳ ಸಮೇತ ಟೆಂಪೋವನ್ನು ಕುಟ್ಟಪ್ಪನ ಶೆಡ್ಡಿನವರೆಗೆ ಎಳೆಸಿದವು. ನರಿ ದಾರಿಯುದ್ದಕ್ಕೂ "ಅಣ್ಣಾ, ಅಣ್ಣಾ" ಅಂತ ಕೂಗಿಕೊಂಡ. ಗುಡ್ಡಪ್ಪನಿಗೆ ಅದು ಕೇಳಿಸಿತು. ಆ ಮಾತಿಗಾಗಿ ತಿಂಗಳಿಗೂ ಹೆಚ್ಚು ಕಾಲ ಕಾದಿದ್ದವನು ಈಗ ಒಮ್ಮೆಯೂ ತಿರುಗಿ ನೋಡದೆ ಒಬ್ಬನೇ ನಡೆದು ಹೋದ.

ನೀತಿ: ದಿನಾ ದುಡಿಯುವ ಗಾಡಿಗೆ ಅದರ ಜೊತೆ ಬಂದ ಫಿಲ್ಟರೇ ಸಾಕು, ಹೊತ್ತಿಗೆ ಸರಿಯಾಗಿ ಬದಲಾಯಿಸಿ. ಮನಸ್ಸು ಒಂಟಿಯಾಗಿದ್ದಾಗ ಸಿಹಿಮಾತು ಕೇಳಿ ಸರಕು ಕೊಳ್ಳಬೇಡಿ. ಮಾರಲು ಬಂದವನೆಲ್ಲ ಗೆಳೆಯನಲ್ಲ.